ಜನರೇಟರ್ ಸುರಕ್ಷತೆಗೆ ದ್ಯುತಿತಂತು ಸಂವೇದಕಗಳು

ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಸಹವಿದ್ಯುತ್ ಘಟಕದ ಜನರೇಟರ್ ಕೆಟ್ಟು ನಿಂತರೆ ಆಗುವ ನಷ್ಟ ದುರಸ್ತಿಯ ವೆಚ್ಚವೊಂದೇ ಅಲ್ಲ. ಅರೆಯುವಿಕೆ ಕುಂಠಿತವಾಗುತ್ತದೆ, ಕಡಿದ ಕಬ್ಬು ಒಣಗುತ್ತದೆ, ವಿದ್ಯುತ್ ಮಾರಾಟದ ಆದಾಯವೂ ತಪ್ಪುತ್ತದೆ. ಆದರೆ ಜನರೇಟರಿನ ಅನೇಕ ದೋಷಗಳು ಒಮ್ಮೆಲೇ ಉಂಟಾಗುವುದಿಲ್ಲ. ಶಾಖ ಮತ್ತು ಕಂಪನಗಳ ಮೂಲಕ ಮುನ್ಸೂಚನೆ ನೀಡುತ್ತವೆ. ಅದನ್ನು ಗ್ರಹಿಸುವ ಸಾಧನಗಳಲ್ಲಿ ದ್ಯುತಿತಂತು, ಅಂದರೆ ಆಪ್ಟಿಕಲ್ ಫೈಬರ್, ಸಂವೇದಕವೂ ಒಂದು.

ಶಾಖ ಮತ್ತು ಕಂಪನ

ಜನರೇಟರಿನ ತಾಮ್ರದ ಸುರುಳಿಗಳಿಗೆ ನಿರೋಧಕ ಹೊದಿಕೆ ಇರುತ್ತದೆ. 'ಎಫ್' ವರ್ಗದ ಹೊದಿಕೆಯ ಉಷ್ಣತಾ ಮಿತಿ 155 ಡಿಗ್ರಿ ಸೆಲ್ಸಿಯಸ್. ಉಷ್ಣತೆ 10 ಡಿಗ್ರಿ ಏರಿದರೆ ಹೊದಿಕೆಯ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಇಂಜಿನಿಯರುಗಳ ರೂಢಿಯ ಲೆಕ್ಕ. ಸಾಮಾನ್ಯ ಉಷ್ಣಮಾಪಕಗಳು ಲೋಹದವಾದುದರಿಂದ ಅವುಗಳನ್ನು ಹೊದಿಕೆಯ ಹೊರಗೇ ಇರಿಸಬೇಕಾಗುತ್ತದೆ. ತಾಮ್ರದ ನಿಜವಾದ ಶಾಖಕ್ಕಿಂತ ಕಡಿಮೆಯನ್ನೇ ಅವು ತೋರಿಸುತ್ತವೆ. ಗಾಜಿನ ತಂತು ವಿದ್ಯುತ್ತನ್ನು ಹರಿಯಗೊಡದು, ಕಾಂತಕ್ಷೇತ್ರಕ್ಕೂ ಬಗ್ಗದು. ಆದ್ದರಿಂದ ಅದನ್ನು ಅಧಿಕ ವೋಲ್ಟೇಜಿನ ಸುರುಳಿಯ ಸಮೀಪದಲ್ಲಿಯೇ ಅಳವಡಿಸಬಹುದು.

50 ಹರ್ಟ್ಸ್ ವಿದ್ಯುತ್ತಿನಲ್ಲಿ ಸುರುಳಿಗಳ ಮೇಲಿನ ವಿದ್ಯುತ್ಕಾಂತ ಬಲವು ಸೆಕೆಂಡಿಗೆ 100 ಬಾರಿ ಮಿಡಿಯುತ್ತದೆ. ಸುರುಳಿಗಳ ತುದಿಯ ಕಟ್ಟುಗಳು ಸಡಿಲಗೊಂಡರೆ ಕಂಪನ ಹೆಚ್ಚಿ ಹೊದಿಕೆ ಸವೆಯುತ್ತದೆ.

ಕಾರ್ಯವಿಧಾನ

ತಂತುವಿನೊಳಗೆ ರಚಿಸಿದ 'ಬ್ರ್ಯಾಗ್ ಗ್ರೇಟಿಂಗ್' ಎಂಬ ಸೂಕ್ಷ್ಮ ವಿನ್ಯಾಸವು ನಿರ್ದಿಷ್ಟ ತರಂಗಾಂತರದ ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ. ತಂತು ಬಿಸಿಯಾದರೆ ಅಥವಾ ಹಿಗ್ಗಿದರೆ ಆ ತರಂಗಾಂತರ ಬದಲಾಗುತ್ತದೆ. 1550 ನ್ಯಾನೋಮೀಟರ್ ಬೆಳಕಿನಲ್ಲಿ ಈ ಬದಲಾವಣೆ ಡಿಗ್ರಿಗೆ ಸುಮಾರು 0.01 ನ್ಯಾನೋಮೀಟರ್. ಕಂಪನಮಾಪಕದಲ್ಲಿ ಅದುರುವ ಸಣ್ಣ ಭಾರವೊಂದು ತಂತುವನ್ನು ಎಳೆಯುತ್ತದೆ. ಒಂದೇ ತಂತುವಿನಲ್ಲಿ ಹಲವು ಸಂವೇದಕಗಳನ್ನು ಇರಿಸಬಹುದು.

ವೆಚ್ಚದ ವಿವೇಚನೆ

ಈ ವ್ಯವಸ್ಥೆಯಲ್ಲಿ ದುಬಾರಿಯಾದುದು ತಂತುವಲ್ಲ, ಅದರ ಬೆಳಕನ್ನು ಓದುವ ಉಪಕರಣ. ಸಣ್ಣ ಡೀಸೆಲ್ ಜನರೇಟರಿಗೆ ಸಾಮಾನ್ಯ ಉಷ್ಣಮಾಪಕ ಹಾಗೂ ನಿಯತ ಕಂಪನ ಪರೀಕ್ಷೆಯೇ ಸಾಕು. ದೊಡ್ಡ ಘಟಕದವರು ಸವಕಳಿ, ಬಡ್ಡಿ, ನಿರ್ವಹಣೆ ಸೇರಿದ ವಾರ್ಷಿಕ ವೆಚ್ಚವನ್ನು, ಉತ್ಪಾದನೆ ನಿಂತರೆ ದಿನವೊಂದಕ್ಕೆ ತಪ್ಪುವ ಲಾಭದೊಡನೆ ತೂಗಿ ನೋಡಬೇಕು. ಯಂತ್ರ ಸ್ಥಗಿತ ವಿಮೆಯು ಸಹಜ ಸವೆತಕ್ಕೆ ಅನ್ವಯಿಸುವುದಿಲ್ಲ. ಲಾಭನಷ್ಟದ ರಕ್ಷಣೆಗೆ ಪ್ರತ್ಯೇಕ ಪಾಲಿಸಿ ಬೇಕು ಎಂಬುದನ್ನೂ ಗಮನಿಸಬೇಕು.

ಸುರುಳಿಯೊಳಗಿನ ಸಂವೇದಕಗಳನ್ನು ಹೊಸ ಯಂತ್ರದ ಖರೀದಿ ಅಥವಾ ರೀವೈಂಡಿಂಗ್ ಸಮಯದಲ್ಲಿ ಅಳವಡಿಸುವುದು ಸೂಕ್ತ. ಯಂತ್ರ ಸುಸ್ಥಿತಿಯಲ್ಲಿರುವಾಗಿನ ಅಂಕಿಗಳನ್ನು ದಾಖಲಿಸಿಟ್ಟು, ಮುಂದಿನವನ್ನು ಅವುಗಳೊಡನೆ ಹೋಲಿಸುತ್ತಿರಬೇಕು. ಹಾಗೆ ಮಾಡಿದರೆ ದುರಸ್ತಿಯನ್ನು ಹಂಗಾಮು ಮುಗಿದ ಬಳಿಕ ಕೈಗೊಳ್ಳಬಹುದೇ, ಕೂಡಲೇ ಯಂತ್ರ ನಿಲ್ಲಿಸಬೇಕೇ ಎಂಬುದನ್ನು ಉದ್ದಿಮೆದಾರರು ಆಧಾರಸಹಿತವಾಗಿ ನಿರ್ಧರಿಸಬಹುದು.