ಖುಲಾಸೆ ಎಂದರೆ ನಿರಪರಾಧಿ ಎಂದೇ ಅರ್ಥವೆ?

ಹೊಸದುರ್ಗದ ಬಸ್ ನಿಲ್ದಾಣದಲ್ಲೋ ಹೊಳಲ್ಕೆರೆಯ ಹೋಟೆಲಿನಲ್ಲೋ ಯಾವುದಾದರೂ ಮೊಕದ್ದಮೆಯ ತೀರ್ಪಿನ ಸುದ್ದಿ ಬಂದರೆ ಎರಡು ಬಗೆಯ ಮಾತು ಕೇಳಿಬರುತ್ತವೆ. ‘ಕೇಸು ಬಿದ್ದುಹೋಯಿತಂತೆ, ದುಡ್ಡಿದ್ದವನು ಗೆದ್ದ’ ಎನ್ನುವವರು ಕೆಲವರು. ‘ಅವನು ತಪ್ಪೇ ಮಾಡಿಲ್ಲವೆಂದು ಕೋರ್ಟೇ ಹೇಳಿತಲ್ಲ’ ಎನ್ನುವವರು ಇನ್ನು ಕೆಲವರು. ಕಾನೂನಿನ ಕಣ್ಣಿನಲ್ಲಿ ಎರಡೂ ಪೂರ್ತಿ ಸರಿಯಲ್ಲ.

‘ಖುಲಾಸೆ’ ಪಾರ್ಸಿ-ಉರ್ದು ಕಚೇರಿ ಭಾಷೆಯಿಂದ ನಮ್ಮಲ್ಲಿಗೆ ಬಂದ ಪದ. ಮರಾಠಿಯಲ್ಲಿ ಇದಕ್ಕೆ ವಿವರಣೆ ಎಂಬ ಅರ್ಥವಿದ್ದರೆ, ಕನ್ನಡದಲ್ಲಿ ಬಿಡುಗಡೆ ಎಂಬ ಅರ್ಥ ನಿಂತಿದೆ. ಆದರೆ ಎಲ್ಲ ಬಿಡುಗಡೆಯೂ ಖುಲಾಸೆಯಲ್ಲ. ಹಿರಿಯೂರಿನಲ್ಲಿ ಒಂದು ಕೊಲೆ ನಡೆಯಿತೆನ್ನಿ. ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ದೋಷಾರೋಪ ಪಟ್ಟಿ ಸಲ್ಲಿಸುತ್ತಾರೆ. ಮೊಕದ್ದಮೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ವಿಚಾರಣೆ ನಡೆಸುವಷ್ಟು ಆಧಾರವೇ ಇಲ್ಲವೆಂದು ನ್ಯಾಯಾಧೀಶರು ಆರಂಭದಲ್ಲೇ ಬಿಟ್ಟರೆ ಅದು ಆರೋಪದಿಂದ ಬಿಡುಗಡೆ ಮಾತ್ರ. ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಮೊಕದ್ದಮೆ ಹೂಡಬಹುದು. ಆರೋಪ ಹೊರಿಸಿ, ವಿಚಾರಣೆ ನಡೆಸಿ ಬಿಟ್ಟರೆ ಖುಲಾಸೆ. ಅದು ಉಳಿದಿರುವವರೆಗೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಯಿಲ್ಲ. ಸಂವಿಧಾನದ 20(2)ನೆಯ ವಿಧಿ ಈಗಾಗಲೇ ಶಿಕ್ಷೆಯಾದವನಿಗೆ ಈ ರಕ್ಷಣೆ ಕೊಡುತ್ತದೆ. ಖುಲಾಸೆಯಾದವನಿಗೂ ಅದನ್ನು ಕೊಟ್ಟದ್ದು ದಂಡ ಪ್ರಕ್ರಿಯಾ ಸಂಹಿತೆಯ 300ನೆಯ ಕಲಮು. 2024ರ ಜುಲೈ 1ರಿಂದ ಆ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 337ನೆಯ ಕಲಮು ಇದೆ.

ನ್ಯಾಯಾಲಯ ಕೇಳಿಕೊಳ್ಳುವುದು ‘ಇವನು ಮಾಡಿದನೆ?’ ಎಂದಷ್ಟೇ ಅಲ್ಲ. ‘ಮಾಡಿದನೆಂದು ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ಸರ್ಕಾರದ ಕಡೆಯವರು ಸಾಬೀತು ಮಾಡಿದರೆ?’ ಎಂದು. ಸಾಬೀತಾಗದಿದ್ದರೆ ಸಂಶಯದ ಲಾಭ ಆರೋಪಿಗೆ. ರಾಜಿಗೆ ಅವಕಾಶವಿರುವ ಸಣ್ಣ ಹೊಡೆದಾಟದಂಥ ಅಪರಾಧಗಳಲ್ಲಿ ರಾಜಿಯಾದರೂ ಕಾನೂನು ಅದನ್ನು ಖುಲಾಸೆ ಎಂದೇ ಎಣಿಸುತ್ತದೆ.

ಹಾಗೆಂದು ಖುಲಾಸೆ ಹಗುರವಾದದ್ದಲ್ಲ. ಕರ್ನಾಟಕದಿಂದಲೇ ಹೋದ ಚಂದ್ರಪ್ಪ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯ ಮಾತು ಹೇಳಿತು: ಆರೋಪಿ ನಿರಪರಾಧಿ ಎಂಬ ಭಾವನೆ ಮೊದಲೇ ಇರುತ್ತದೆ, ಖುಲಾಸೆಯಿಂದ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ಸಾಕ್ಷ್ಯದಿಂದ ಎರಡು ತೀರ್ಮಾನ ಸಾಧ್ಯವಿದ್ದರೆ ಮೇಲಿನ ನ್ಯಾಯಾಲಯ ಖುಲಾಸೆಯನ್ನು ಕದಲಿಸಬಾರದು.

ನೋವಿನ ಮುಖವೂ ಇದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ಸುಳ್ಳಲ್ಲ. ಕೊಂದವರು ಯಾರೆಂಬ ಪ್ರಶ್ನೆಗೆ ಮಾತ್ರ ನ್ಯಾಯಾಲಯದಲ್ಲಿ ಉತ್ತರ ಸಿಗಲಿಲ್ಲ.

2009ರ ಕೊನೆಯಿಂದ ನೊಂದವರೇ ಖುಲಾಸೆಯ ವಿರುದ್ಧ ಮೇಲ್ಮನವಿ ಸಲ್ಲಿಸಬಹುದು. ಸರ್ಕಾರಿ ನೌಕರನಾದರೆ ಖುಲಾಸೆಯ ನಂತರವೂ ಇಲಾಖಾ ವಿಚಾರಣೆ ನಡೆಯಬಹುದು. ಅಲ್ಲಿ ಬೇಕಾದ ರುಜುವಾತು ಕಡಿಮೆ ಮಟ್ಟದ್ದು.

ಆದ್ದರಿಂದ ಖುಲಾಸೆಯಾದವನನ್ನು ಊರಿನವರು ಅಪರಾಧಿ ಎಂದು ಕರೆಯುವಂತಿಲ್ಲ. ಅದೇ ರೀತಿ, ದೂರು ಕೊಟ್ಟವರನ್ನು ಆ ಒಂದೇ ಕಾರಣಕ್ಕೆ ಸುಳ್ಳುಗಾರರೆಂದು ಜರೆಯುವಂತೆಯೂ ಇಲ್ಲ.