ಮೊದಲ ನಡೆಗೆ ಮುನ್ನ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಆ ಎರಡು ತಿಂಗಳು ದೋಣಿಗಳು ಸಾಲಾಗಿ ತಂಗಿರುತ್ತವೆ. ಹೊರಗೆ ಎಡೆಬಿಡದ ಮಳೆ. ಒಳಗೆ ಮನೆ ತುಂಬ ಮಕ್ಕಳು. ಹಿಂದೆ ಇಂತಹ ದಿನಗಳಲ್ಲಿ ಪಡಸಾಲೆಯ ನೆಲದ ಮೇಲೆ ಚೌಕಾಬಾರದ ಮನೆ ಬರೆದು ಕವಡೆ ಹಾಕುತ್ತಿದ್ದರು. ಇಂದು ಮಕ್ಕಳು ಗಣಕಯಂತ್ರದ ಮುಂದೆ ಕುಳಿತು, ಒಬ್ಬರಾದ ಮೇಲೊಬ್ಬರು ಪಡೆ ನಡೆಸುವ ಯುದ್ಧತಂತ್ರದ ಆಟಗಳನ್ನು ಆಡುತ್ತಾರೆ. ಆಟ ಬೇರೆಯಾದರೂ ಜಗಳ ಮಾತ್ರ ಹಳೆಯದೇ. ಅಣ್ಣ ಮೂರು ಬಾರಿ ಗೆಲ್ಲುತ್ತಾನೆ. ತಮ್ಮ “ಅಣ್ಣ ಮೋಸ ಮಾಡಿದ” ಎಂದು ಅಜ್ಜಿಯ ಬಳಿ ದೂರು ಒಯ್ಯುತ್ತಾನೆ. ನಾಲ್ಕನೆಯ ಆಟಕ್ಕೆ ಅವನು ಬರುವುದೇ ಇಲ್ಲ.

ವಿಚಾರಿಸಿ ನೋಡಿದರೆ ಅಲ್ಲಿ ಮೋಸವೇನೂ ಇರುವುದಿಲ್ಲ. ಆಟದ ನಿಯಮಗಳನ್ನು ಇಬ್ಬರೂ ಕೂಡಿ ಗೊತ್ತುಮಾಡಿಕೊಂಡಿರುವುದಿಲ್ಲ, ಅಷ್ಟೇ.

ಹಿರಿಯರ ರೂಢಿ

ಚೌಕಾಬಾರಕ್ಕೆ ಊರೂರಿಗೆ, ಮನೆಮನೆಗೆ ನಿಯಮಗಳು ಬೇರೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬುದು ಕೆಲವರ ಕಟ್ಟಳೆ. ಕೆಲವರಿಗೆ ಅದು ಇಲ್ಲ. ಆದುದರಿಂದಲೇ ಬೀಗರ ಮನೆಗೆ ಹೋದ ಹಿರಿಯರು ಕವಡೆ ಕೈಗೆತ್ತಿಕೊಳ್ಳುವ ಮೊದಲು “ನಿಮ್ಮಲ್ಲಿ ಹೇಗೆ?” ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆ ಅನೇಕ ಮನಸ್ತಾಪಗಳನ್ನು ತಪ್ಪಿಸುತ್ತಿತ್ತು.

ಗಣಕಯಂತ್ರದ ಆಟದಲ್ಲಿ

ಹೊಸ ಆಟಗಳಲ್ಲಿಯೂ ಈ ಪ್ರಶ್ನೆಗೆ ಸ್ಥಾನವಿದೆ. ಉದಾಹರಣೆಗೆ 2003ರಲ್ಲಿ ಹೊರಬಂದ ‘ಬ್ಯಾಟಲ್ ಫಾರ್ ವೆಸ್ನೋತ್’ ಎಂಬ ಆಟವನ್ನು ನೋಡೋಣ. ಇದಕ್ಕೆ ಹಣ ತೆರಬೇಕಾಗಿಲ್ಲ. ಒಂದೇ ಯಂತ್ರದ ಮುಂದೆ ಇಬ್ಬರು ಮೂವರು ಸರದಿಯಂತೆ ಆಡಬಹುದು. ಎದುರಾಳಿಯ ನಾಯಕನನ್ನು ಸೋಲಿಸುವುದೇ ಗುರಿ. ಹಳ್ಳಿಗಳನ್ನು ವಶಪಡಿಸಿಕೊಂಡರೆ ಪ್ರತಿ ಸರದಿಗೂ ಹೊನ್ನು ದೊರೆಯುತ್ತದೆ. ಆ ಹೊನ್ನಿನಿಂದ ಪಡೆ ಕಟ್ಟಬೇಕು.

ಆಟ ತೊಡಗುವ ಮೊದಲು ಆಯ್ಕೆಗಳ ಪುಟವೊಂದು ತೆರೆದುಕೊಳ್ಳುತ್ತದೆ. ಆತುರದ ಮಕ್ಕಳು ಅದನ್ನು ಓದದೆ ದಾಟಿಬಿಡುತ್ತಾರೆ. ನಕ್ಷೆಯಲ್ಲಿ ಮೊದಲೇ ಇರುವ ನಿಯಮಗಳನ್ನೇ ಬಳಸು ಎಂಬ ಗುರುತನ್ನು ತೆಗೆದರೆ ಉಳಿದವುಗಳನ್ನು ನಮ್ಮ ಇಚ್ಛೆಯಂತೆ ಬದಲಿಸಬಹುದು. ಅವುಗಳಲ್ಲಿ ಮುಖ್ಯವಾದವು ನಾಲ್ಕು.

ಮೊದಲನೆಯದು ಮಂಜು. ಇದನ್ನು ಇರಿಸಿಕೊಂಡರೆ ನಮ್ಮ ಪಡೆಯಿಂದ ದೂರವಿರುವ ಎದುರಾಳಿ ಕಾಣಿಸುವುದಿಲ್ಲ. ಒಂದೇ ಪರದೆಯ ಮುಂದೆ ಆಡುವಾಗ “ನೀನು ಇಣುಕಿದೆ” ಎಂಬ ಮಾತಿಗೆ ಇದೇ ಮೂಲ. ಹೊಸಬರಿಗೆ ಮಂಜಿಲ್ಲದ ಆಟವೇ ಲೇಸು.

ಎರಡನೆಯದು ಕಾಲಮಿತಿ. ಪ್ರತಿ ಸರದಿಗೆ ಗಡಿಯಾರ ಇಡಬಹುದು. ಅಜ್ಜ ಆಡಲು ಕುಳಿತರೆ ಅದನ್ನು ತೆಗೆದಿಡುವುದು ವಿವೇಕ.

ಮೂರನೆಯದು ಸರದಿಗಳ ಮಿತಿ. ಇಷ್ಟು ಸರದಿಗಳಿಗೆ ಆಟ ಮುಗಿಯಬೇಕೆಂದು ಗೊತ್ತುಮಾಡಿದರೆ ಊಟದ ಕರೆಗೆ ಓಗೊಡದ ಮಕ್ಕಳ ಸಮಸ್ಯೆಯೂ ಬಗೆಹರಿಯುತ್ತದೆ. ಮಿತಿ ಮುಗಿದಾಗ ಇಬ್ಬರು ನಾಯಕರೂ ಉಳಿದಿದ್ದರೆ ಹೆಚ್ಚು ಹಳ್ಳಿಯುಳ್ಳವನೇ ಗೆದ್ದವನೆಂದು ಬಾಯಿಮಾತಿನಲ್ಲಿ ಮೊದಲೇ ಒಪ್ಪಿಕೊಳ್ಳಬೇಕು.

ನಾಲ್ಕನೆಯದೇ ಎಲ್ಲಕ್ಕಿಂತ ಮಹತ್ವದ್ದು: ಆರಂಭದ ಹೊನ್ನು. ಪ್ರತಿಯೊಬ್ಬರಿಗೂ ಇದನ್ನು ಬೇರೆಬೇರೆಯಾಗಿ ನಿಗದಿಪಡಿಸಬಹುದು. ಅಣ್ಣನಿಗೆ 100, ತಮ್ಮನಿಗೆ 150 ಹೊನ್ನು ಕೊಟ್ಟು ನೋಡಿರಿ. ತಮ್ಮ ಮತ್ತೆ ಗೆಲ್ಲತೊಡಗಿದರೆ ಮುಂದಿನ ವಾರ 130ಕ್ಕೆ ಇಳಿಸಿರಿ.

ಸಮಾನತೆ ಎಂದರೇನು?

“ಇಬ್ಬರಿಗೂ ಒಂದೇ ಅಳತೆ ಬೇಡವೆ?” ಎಂದು ಹಿರಿಯ ಮಗ ಕೇಳುವುದು ಸಹಜ. ಹದಿನಾಲ್ಕರ ಬಾಲಕನಿಗೂ ಒಂಬತ್ತರ ಬಾಲಕನಿಗೂ ಒಂದೇ ಅಳತೆಯಿಟ್ಟರೆ ಫಲಿತಾಂಶ ಆಟಕ್ಕೆ ಮೊದಲೇ ನಿಶ್ಚಯವಾಗಿರುತ್ತದೆ. ಹಾಗೆ ಗೆದ್ದ ಗೆಲುವಿನಲ್ಲಿ ಸವಿಯಿಲ್ಲ. ಚದುರಂಗದಲ್ಲಿಯೂ ಬಲ್ಲವನು ತನ್ನದೊಂದು ಕಾಯಿಯನ್ನು ಬಿಟ್ಟುಕೊಟ್ಟು ಆಡುವ ಪದ್ಧತಿ ಹಳೆಯದು. ಆದರೆ ಈ ರಿಯಾಯಿತಿಯನ್ನು ತಂದೆತಾಯಿಗಳು ಹೇರಬಾರದು. ಅಣ್ಣನೇ ಮನಸಾರೆ ಕೊಡಬೇಕು, ತಮ್ಮ ನಾಚದೆ ಪಡೆಯಬೇಕು. ಎಷ್ಟೆಂಬುದನ್ನು ಇಬ್ಬರೂ ಕೂಡಿ ನಿರ್ಧರಿಸಬೇಕು. ನಡುವೆ ಸೋಲು ಕಂಡಿತೆಂದು ನಿಯಮ ಬದಲಿಸುವಂತಿಲ್ಲ. ಬದಲಾವಣೆ ಏನಿದ್ದರೂ ಮುಂದಿನ ಆಟಕ್ಕೆ.

ಆಗಸ್ಟ್ ಬಂದೊಡನೆ ಬಂದರಿನ ದೋಣಿಗಳು ಮತ್ತೆ ಕಡಲಿಗೆ ಹೊರಡುತ್ತವೆ. ಕೂಡಿ ದುಡಿಯುವವರು ಪಾಲಿನ ಮಾತನ್ನು ದಡದಲ್ಲಿಯೇ ಮುಗಿಸಿರಬೇಕು. ಬಲೆ ತುಂಬಿದ ಮೇಲೆ ಆ ಮಾತು ಎತ್ತಿದರೆ ಜಗಳವೇ ಗತಿ. ಮಳೆಗಾಲದ ಬಿಡುವಿನಲ್ಲಿ ಮಕ್ಕಳು ಆಟದ ಮಣೆಯ ಮುಂದೆ ಇಷ್ಟನ್ನು ಕಲಿತರೆ, ಆ ಹೊತ್ತು ವ್ಯರ್ಥವಾಯಿತೆಂದು ಯಾವ ಹಿರಿಯರೂ ಕೊರಗಬೇಕಾಗಿಲ್ಲ.