ಊರು ಬಿಡದ ಕವಲುತೋಕೆ

ಜೋಗದ ಕಮರಿಯಲ್ಲಿ ನೀರಹನಿಗಳ ನಡುವೆ ಸುಯ್ಯನೆ ಸುಳಿಯುವ ದೊಡ್ಡ ಹಕ್ಕಿಗಳನ್ನು ಕವಲುತೋಕೆಯೆಂದು ಕರೆಯುವವರುಂಟು. ಅವು ಬಾನಾಡಿಗಳು. ಅವುಗಳ ಕಾಲು ಬಂಡೆಗೆ ಜೋತುಬೀಳುವುದಕ್ಕಷ್ಟೇ ತಕ್ಕದ್ದು. ತಂತಿಯ ಮೇಲೆ ಕೂರಲು ಬಾರದು.

ತಂತಿಯ ಮೇಲೆ ಕೂರುವುದು ಕವಲುತೋಕೆ. ಚಳಿಗಾಲಕ್ಕೆ ಉತ್ತರದಿಂದ ಬಂದುಹೋಗುವ ಅತಿಥಿಗಳ ನಡುವೆ, ನಮ್ಮಲ್ಲಿಯೇ ನೆಲೆನಿಂತದ್ದು ತಂತಿಬಾಲದ ಕವಲುತೋಕೆ. ನೆತ್ತಿ ಇಟ್ಟಿಗೆಗೆಂಪು, ಬೆನ್ನು ಹೊಳೆಯುವ ಕಡುನೀಲಿ, ಎದೆ ಹೊಟ್ಟೆ ಅಚ್ಚ ಬಿಳುಪು. ಬಾಲದ ಎರಡು ಹೊರಗರಿಗಳು ತಂತಿಯಂತೆ ನೀಳ. ಹೆಣ್ಣಿಗೆ ತುಸು ಗಿಡ್ಡ. ಸಹಾರಾದ ದಕ್ಷಿಣಕ್ಕೆ ಆಫ್ರಿಕದಲ್ಲಿಯೂ ಇದೇ ಜಾತಿಯುಂಟು. ಅಲ್ಲಿಯೂ ಅದು ಬಹುಮಟ್ಟಿಗೆ ವಲಸೆ ಹೋಗದು. 1816ರಲ್ಲಿ ಕಾಂಗೋ ನದಿಯ ಶೋಧಯಾತ್ರೆಗೆ ಹೋಗಿ ಅಲ್ಲಿಯೇ ಮಡಿದ ನಾರ್ವೆಯ ಸಸ್ಯವಿಜ್ಞಾನಿ ಕ್ರಿಸ್ಟನ್ ಸ್ಮಿತ್‌ನ ಹೆಸರು ಇದರ ಶಾಸ್ತ್ರೀಯ ನಾಮದಲ್ಲಿ ಸೇರಿದೆ. ಗಿಡಗಳನ್ನರಸಿ ಹೋದವನಿಗೆ ಹಕ್ಕಿಯಲ್ಲಿ ಸ್ಮಾರಕ!

ನೀರಿನ ಆಸರೆಯಿಲ್ಲದೆ ಇದು ಬಾಳದು. ನೀರ ಮೇಲಣ ಹುಳುಗಳನ್ನು ಹಾರುತ್ತಲೇ ಹಿಡಿಯುತ್ತದೆ. ದಡದ ಕೆಸರನ್ನು ಕೊಕ್ಕಿನಲ್ಲಿ ಉಂಡೆಯುಂಡೆಯಾಗಿ ತಂದು ಸೇತುವೆಯ ಅಡಿಯಲ್ಲಿ ಅರೆಬಟ್ಟಲಿನಂಥ ಗೂಡು ಕಟ್ಟುತ್ತದೆ. ಒಳಗೆ ಗರಿಯ ಹಾಸು.

ಸಾಗರದ ಕಡೆಯ ಸಣ್ಣ ಹಳ್ಳವೊಂದರ ಸೇತುವೆಗೆ ಒಮ್ಮೆ ಸುಣ್ಣ ಬಳಿಯುತ್ತಿದ್ದರು. ಗೂಡಿನಲ್ಲಿ ಮೊಟ್ಟೆಗಳಿದ್ದವು. ಮರಿ ಹಾರುವವರೆಗೆ ಆ ಮೂಲೆಯನ್ನು ಬಿಡಿರೆಂದು ಕೇಳಿಕೊಂಡೆ, ಒಪ್ಪಿದರು. ಮರುದಿನ ಹೋದರೆ ಬಿಳಿಗೋಡೆಯ ಮೇಲೆ ಮಣ್ಣಿನ ಕಲೆಯಷ್ಟೇ ಇತ್ತು. ನಿನ್ನೆ ಒಪ್ಪಿದವರು ಬೇರೆ, ಇಂದಿನ ಆಳುಗಳು ಬೇರೆ. ಜೋಡಿ ತಂತಿಯ ಮೇಲೆ ಕುಳಿತಿತ್ತು. ಹತ್ತು ದಿನ ಕಳೆದು ಮತ್ತೆ ಹೋದಾಗ ಅದೇ ಕಲೆಯ ಮೇಲೆ ಹಸಿ ಕೆಸರಿನ ಒಂದು ಸಾಲು ಕಾಣಿಸಿತು.